ಕರೆಂಟಿನ ಕಾರೋ, ಪೆಟ್ರೋಲಿನ ಕಾರೋ?

ಹಸುರು ನಂಬರು ಫಲಕ ಹಾಕಿಕೊಂಡ ಕಾರುಗಳು ಈಚೆಗೆ ಹಳ್ಳಿಯ ರಸ್ತೆಗಳಲ್ಲಿಯೂ ಕಾಣಿಸಿಕೊಳ್ಳತೊಡಗಿವೆ. ಇವು ವಿದ್ಯುಚ್ಛಕ್ತಿಯಿಂದ ಓಡತಕ್ಕ ಕಾರುಗಳು. ಹೊಗೆಯಿಲ್ಲ, ಸದ್ದಿಲ್ಲ, ಪೆಟ್ರೋಲು ಬಂಕಿನ ಮುಂದೆ ನಿಲ್ಲುವ ಕೆಲಸವೂ ಇಲ್ಲ. ನೋಡಿದವರಿಗೆ ಆಸೆಯಾಗುವುದು ಸಹಜವೇ. ಅಡಿಕೆಗೋ ರೇಷ್ಮೆಗೂಡಿಗೋ ಒಳ್ಳೆಯ ಬೆಲೆ ಸಿಕ್ಕ ವರ್ಷ ಮನೆಗೊಂದು ಕಾರು ತರಬೇಕೆಂದು ಯೋಚಿಸುವ ರೈತರು ಎರಡರಲ್ಲಿ ಯಾವುದು ಲೇಸು ಎಂದು ಕೇಳುತ್ತಾರೆ. ಒಬ್ಬರಿಗೆ ಲಾಭವಾದದ್ದು ಪಕ್ಕದ ಮನೆಯವರಿಗೆ ನಷ್ಟವಾಗಬಹುದು. ಅದು ಏತಕ್ಕೆ ಹಾಗೆ ಎಂಬುದನ್ನು ಇಲ್ಲಿ ಲೆಕ್ಕ ಹಾಕಿ ತೋರಿಸಿದೆ.

ಕರೆಂಟಿನ ಕಾರು ಎಂದರೇನೆಂದು ರೈತರಿಗೆ ವಿವರಿಸುವುದು ಪಟ್ಟಣದವರಿಗೆ ವಿವರಿಸುವುದಕ್ಕಿಂತ ಸುಲಭ. ಬಾವಿಯ ಕಟ್ಟೆಯ ಮೇಲೆ ಆಯಿಲ್ ಎಂಜಿನ್ ಇಟ್ಟು ನೀರೆತ್ತಿ, ಆಮೇಲೆ ಅದನ್ನು ತೆಗೆದು ವಿದ್ಯುತ್ ಪಂಪ್‌ಸೆಟ್ಟು ಕೂರಿಸಿದ ಮನೆಗಳು ನಮ್ಮಲ್ಲಿ ಬಹಳ ಇವೆ. ಎಂಜಿನ್ನಿಗೆ ಹ್ಯಾಂಡಲ್ ಹೊಡೆಯಬೇಕಾಗಿತ್ತು, ಎಣ್ಣೆ ಬದಲಾಯಿಸಬೇಕಾಗಿತ್ತು; ಮೋಟಾರಿಗೆ ಸ್ಟಾರ್ಟರಿನ ಗುಂಡಿ ಒತ್ತಿದರೆ ಸಾಕು. ಕಾರಿನಲ್ಲಿಯೂ ವ್ಯತ್ಯಾಸ ಇಷ್ಟೇ. ಪೆಟ್ರೋಲು ಎಂಜಿನು ತಾನು ಉರಿಸಿದ ಎಣ್ಣೆಯ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಚಕ್ರಕ್ಕೆ ಮುಟ್ಟಿಸುತ್ತದೆ. ಉಳಿದದ್ದು ಬಿಸಿಯಾಗಿ ರೇಡಿಯೇಟರಿನಲ್ಲಿ, ಸೈಲೆನ್ಸರಿನಲ್ಲಿ ಹೊರಟುಹೋಗುತ್ತದೆ. ವಿದ್ಯುತ್ ಮೋಟಾರಾದರೋ ಬ್ಯಾಟರಿಯಿಂದ ಬಂದ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮೇಲ್ಪಟ್ಟು ಚಕ್ರಕ್ಕೆ ಕೊಡುತ್ತದೆ. ಇಳಿಜಾರಿನಲ್ಲಿ ವೇಗ ತಗ್ಗಿಸುವಾಗ ಅದೇ ಮೋಟಾರು ಡೈನಮೋವಿನಂತೆ ತಿರುಗಿ, ಸ್ವಲ್ಪ ಶಕ್ತಿಯನ್ನು ಬ್ಯಾಟರಿಗೆ ಹಿಂದಕ್ಕೆ ತುಂಬುವುದೂ ಉಂಟು. ಖರ್ಚು ಕಡಮೆಯಾಗುವುದರ ಗುಟ್ಟು ಇದು.

ಇದೇನೂ ತೀರ ಹೊಸ ಯಂತ್ರವಲ್ಲ. 1900ರ ಸುಮಾರಿನಲ್ಲಿಯೇ ಅಮೆರಿಕದ ಪಟ್ಟಣಗಳಲ್ಲಿ ಬ್ಯಾಟರಿ ಕಾರುಗಳು ಸಾಕಷ್ಟು ಓಡಾಡುತ್ತಿದ್ದವು. ಪೆಟ್ರೋಲು ಅಗ್ಗವಾಗಿ, 1912ರಲ್ಲಿ ಹ್ಯಾಂಡಲಿಲ್ಲದೆ ಚಾಲೂ ಆಗುವ ಕಾರು ಬಂದಮೇಲೆ ಅವು ಹಿಂದೆ ಬಿದ್ದವು. ನಮ್ಮ ಬೆಂಗಳೂರಿನಲ್ಲಿಯೇ ತಯಾರಾದ ‘ರೇವಾ’ ಎಂಬ ಪುಟ್ಟ ಕಾರು 2001ರಲ್ಲಿ ಮಾರಾಟಕ್ಕೆ ಬಂತು. ಸೀಸದ ಬ್ಯಾಟರಿಯ ಆ ಕಾರು ಒಂದು ಸಲ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಓಡುತ್ತಿತ್ತು. ಆಮೇಲೆ ಬಂದ ಲಿಥಿಯಂ ಬ್ಯಾಟರಿ ಹಗುರ, ಶಕ್ತಿ ಹೆಚ್ಚು. ಈಗಿನ ಕಾರುಗಳೆಲ್ಲ ಅದರ ಬಲದ ಮೇಲೆ ನಿಂತಿವೆ.

ಇನ್ನು ಲೆಕ್ಕಕ್ಕೆ ಬರೋಣ. ಸಣ್ಣ ಪೆಟ್ರೋಲು ಕಾರು ನಮ್ಮ ರಸ್ತೆಗಳಲ್ಲಿ ಲೀಟರಿಗೆ 16 ಕಿ.ಮೀ. ಓಡುವುದೆನ್ನೋಣ. ಪೆಟ್ರೋಲು ಲೀಟರಿಗೆ 100 ರೂ. ಎಂದು ಹಿಡಿದರೂ ಕಿ.ಮೀ.ಗೆ ಆರು ಕಾಲು ರೂಪಾಯಿ ಬಿತ್ತು. ಸಣ್ಣ ಕರೆಂಟಿನ ಕಾರು, ಚಾರ್ಜ್ ಆಗುವಾಗ ಪೋಲಾಗುವುದನ್ನು ಕಳೆದು, ಮನೆಯ ಮೀಟರಿನ ಒಂದು ಯೂನಿಟ್ಟಿಗೆ 6 ಕಿ.ಮೀ. ಓಡುತ್ತದೆ. ಯೂನಿಟ್ಟಿಗೆ 7 ರೂ. ಎಂದು ಧಾರಾಳವಾಗಿಯೇ ಹಿಡಿದರೂ ಕಿ.ಮೀ.ಗೆ ಒಂದು ರೂಪಾಯಿ ಇಪ್ಪತ್ತು ಪೈಸೆ ಮೀರದು. ಅಂದರೆ ಪ್ರತಿ ಕಿ.ಮೀ.ಗೆ ಸುಮಾರು 5 ರೂ. ಉಳಿತಾಯ. ಎಂಜಿನ್ ಆಯಿಲ್, ಫಿಲ್ಟರು, ಸ್ಪಾರ್ಕ್ ಪ್ಲಗ್ಗು, ಕ್ಲಚ್ಚು ಇವುಗಳ ಖರ್ಚು ಇಲ್ಲದಿರುವುದು ಬೇರೆ.

ಆದರೆ ಈ ಉಳಿತಾಯ ಪುಕ್ಕಟೆ ಬರುವುದಿಲ್ಲ. ಬ್ಯಾಟರಿಯ ದೆಸೆಯಿಂದ ಕರೆಂಟಿನ ಕಾರಿನ ಬೆಲೆಯೇ ಹೆಚ್ಚು. ಸರಕು ಮತ್ತು ಸೇವಾ ತೆರಿಗೆ ಇದರ ಮೇಲೆ ಶೇಕಡ 5 ಮಾತ್ರ. ಸಣ್ಣ ಪೆಟ್ರೋಲು ಕಾರಿನ ಮೇಲಿದ್ದ ಶೇಕಡ 28ರ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 18ಕ್ಕೆ ಇಳಿದುದರಿಂದ ಪೆಟ್ರೋಲು ಕಾರೂ ಅಗ್ಗವಾಗಿ, ಎರಡರ ನಡುವಣ ಅಂತರ ಮತ್ತೆ ಹಿಗ್ಗಿತು. ರಸ್ತೆ ತೆರಿಗೆಯ ಮಾತು ಬೇರೆ. ಕರೆಂಟಿನ ಕಾರಿಗೆ ನಮ್ಮ ರಾಜ್ಯದಲ್ಲಿ 2016ರಿಂದ ಪೂರ್ಣ ವಿನಾಯಿತಿ ಇತ್ತು. 2024ರಲ್ಲಿ 25 ಲಕ್ಷ ರೂ. ಮೀರಿದವುಗಳ ಮೇಲೆ ಶೇಕಡ 10 ತೆರಿಗೆ ಬಂತು. ಈ ನಿಯಮಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗತಕ್ಕವು. ಆದುದರಿಂದ ಅಂಗಡಿಯವರ ಬಾಯಿಮಾತನ್ನು ನಂಬದೆ, ಕೊಳ್ಳುವ ವಾರ ಆರ್.ಟಿ.ಓ. ಕಚೇರಿಯಲ್ಲಿಯೇ ವಿಚಾರಿಸತಕ್ಕದ್ದು. ತೆರಿಗೆ, ವಿಮೆ ಎಲ್ಲ ಸೇರಿ ಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಎರಡರ ಬೆಲೆಗಳಲ್ಲಿ ಎಷ್ಟು ಅಂತರವಿದೆ ಎಂಬುದೇ ಮುಖ್ಯ. ನಮ್ಮ ಲೆಕ್ಕಕ್ಕೆ ಎರಡೂವರೆ ಲಕ್ಷ ರೂ. ಎಂದು ಇಟ್ಟುಕೊಳ್ಳೋಣ.

ಇಬ್ಬರು ರೈತರಿದ್ದಾರೆ. ಮೊದಲನೆಯವರು ಸಂತೆಗೆ, ಆಸ್ಪತ್ರೆಗೆ, ಮದುವೆ ಮುಂಜಿಗಳಿಗೆ ಮಾತ್ರ ಕಾರು ತೆಗೆಯುವವರು. ತಿಂಗಳಿಗೆ 500 ಕಿ.ಮೀ., ವರ್ಷಕ್ಕೆ 6,000 ಕಿ.ಮೀ. ಆಯಿತು. ಉಳಿತಾಯ 30,000 ರೂ. ಆದರೆ ಹೆಚ್ಚಿಗೆ ಕೊಟ್ಟ ಎರಡೂವರೆ ಲಕ್ಷವನ್ನು ಶೇಕಡ 9ರ ಬಡ್ಡಿಗೆ ಸಾಲವಾಗಿ ತಂದಿದ್ದರೆ ಮೊದಲ ವರ್ಷದ ಬಡ್ಡಿಯೇ 22,500 ರೂ. ಕೈಯಲ್ಲಿ ನಿಂತದ್ದು 7,500 ರೂ. ಸಾಲ ತೀರುತ್ತ ಬಂದಂತೆ ಬಡ್ಡಿ ಇಳಿಯುವುದು ನಿಜ. ಆದರೂ ಅಸಲು ಕೈಸೇರುವ ಹೊತ್ತಿಗೆ ಕಾರೇ ಹಳತಾಗಿರುತ್ತದೆ. ಎರಡನೆಯವರು ದಿನವೂ ಹೂವನ್ನೋ ತರಕಾರಿಯನ್ನೋ ಮಾರುಕಟ್ಟೆಗೆ ಮುಟ್ಟಿಸಿ, ಮಕ್ಕಳನ್ನು ತಾಲ್ಲೂಕಿನ ಶಾಲೆಗೆ ಬಿಟ್ಟು ಬರುವವರು. ತಿಂಗಳಿಗೆ 2,000 ಕಿ.ಮೀ. ಓಡಾಟ. ಇವರಿಗೆ ವರ್ಷಕ್ಕೆ 1,20,000 ರೂ. ಉಳಿಯುತ್ತದೆ, ಬಡ್ಡಿ ಕಳೆದರೂ ಮೂರು ವರ್ಷದೊಳಗೆ ಹೆಚ್ಚಿಗೆ ಕೊಟ್ಟ ಹಣ ತಿರುಗಿ ಬರುತ್ತದೆ. ಕಾರು ಒಂದೇ, ದರವೂ ಒಂದೇ, ವ್ಯತ್ಯಾಸವಾದದ್ದು ಓಡಾಟದಲ್ಲಿ. ಈ ಲೆಕ್ಕದಲ್ಲಿ ತಿಂಗಳಿಗೆ 375 ಕಿ.ಮೀ.ಯ ಓಡಾಟ ಮೊದಲ ವರ್ಷದ ಬಡ್ಡಿಗೇ ಸರಿಹೋಗುತ್ತದೆ ಎಂಬುದನ್ನು ಗಮನಿಸಬೇಕು. ಕೊಟ್ಟಿಗೆಯಲ್ಲಿ ನಿಂತ ಎತ್ತು ಮೇವು ತಿನ್ನುವಂತೆ ನಿಂತ ಕಾರು ಬಡ್ಡಿ ತಿನ್ನುತ್ತದೆ.

ಹಳ್ಳಿಯವರು ಮರೆಯಬಾರದ ಇನ್ನೊಂದು ಲೆಕ್ಕವಿದೆ. ಪಟ್ಟಣದ ಪತ್ರಿಕೆಗಳಲ್ಲಿ ಇದನ್ನು ಅಷ್ಟಾಗಿ ಬರೆಯುವುದಿಲ್ಲ. ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯನ್ನು ನೋಡಿ ಇಂತಿಷ್ಟು ಉಚಿತ ಯೂನಿಟ್ಟು ಎಂದು ನಿಗದಿಯಾಗಿರುತ್ತದೆ. ಅದನ್ನು ಮೀರಿದ ಯೂನಿಟ್ಟುಗಳಿಗೆ ಹಣ ಕಟ್ಟಬೇಕು. ತಿಂಗಳ ಬಳಕೆ 200 ಯೂನಿಟ್ಟು ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ನಮ್ಮ ಎರಡನೆಯ ರೈತರ ಕಾರು ತಿಂಗಳಿಗೆ 330 ಯೂನಿಟ್ಟಿಗೂ ಮೇಲೆ ತಿನ್ನುತ್ತದೆ. ಅಲ್ಲಿಯವರೆಗೆ ಉಚಿತವಾಗಿದ್ದ ಮನೆಯ ದೀಪ, ಮಿಕ್ಸಿ, ದೂರದರ್ಶನದ 120 ಯೂನಿಟ್ಟಿಗೂ ಈಗ ಹಣ ಕೊಡಬೇಕು. ವರ್ಷಕ್ಕೆ ಹತ್ತು ಸಾವಿರ ರೂ. ಉಳಿತಾಯದಿಂದ ಜಾರಿತು. ಇವರಿಗೆ ಅಷ್ಟಾದರೂ ಲಾಭವೇ. ಮೊದಲನೆಯ ರೈತರಿಗೆ ಉಳಿದಿದ್ದ 7,500 ರೂ.ಗೂ ಇದೇ ಭಯ: ಮನೆಯ ಬಳಕೆಯ ಜೊತೆಗೆ ಕಾರಿನ 83 ಯೂನಿಟ್ಟು ಸೇರಿ 200 ದಾಟಿದರೆ ಅದೂ ಹೋಯಿತು. ವಾಹನ ಚಾರ್ಜ್ ಮಾಡುವುದಕ್ಕೆಂದೇ ವಿದ್ಯುತ್ ದರಪಟ್ಟಿಯಲ್ಲಿ ಬೇರೆ ವರ್ಗವೊಂದು ಉಂಟು. ನಿಮ್ಮ ಮನೆಗೆ ಅಂಥ ಬೇರೆ ಮೀಟರು ಸಿಗುವುದೇ ಎಂದು ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿಯಲ್ಲಿ ಮೊದಲೇ ಕೇಳುವುದು ಒಳ್ಳೆಯದು.

ತೋಟದ ಪಂಪ್‌ಸೆಟ್ಟಿಗೆ ಹೇಗೂ ಉಚಿತ ಕರೆಂಟು ಬರುತ್ತದೆ, ಅಲ್ಲಿಯೇ ಕಾರಿಗೂ ತಂತಿ ಎಳೆದರಾಯಿತು ಎಂಬ ಜಾಣತನ ಕೆಲವರಿಗೆ ಹೊಳೆಯಬಹುದು. ಅದು ಬೇಡ. ನೀರೆತ್ತುವುದಕ್ಕೆ ಕೊಟ್ಟ ಸಂಪರ್ಕವನ್ನು ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುಚ್ಛಕ್ತಿ ಕಾಯಿದೆಯಲ್ಲಿ ಅನಧಿಕೃತ ಬಳಕೆ ಎನಿಸಿಕೊಳ್ಳುತ್ತದೆ. ದರದ ಎರಡು ಪಟ್ಟು ವಸೂಲು ಮಾಡಲು ಅಧಿಕಾರವಿದೆ.

ಮನೆಯ ವೈರಿಂಗಿನ ವಿಷಯವಂತೂ ಪ್ರಾಣಕ್ಕೆ ಸಂಬಂಧಿಸಿದ್ದು. ಕಾರು ಚಾರ್ಜ್ ಆಗುವಾಗ ಮೂರು ಕಿಲೋವ್ಯಾಟಿಗೂ ಮಿಕ್ಕಿ ಕರೆಂಟನ್ನು ಎಂಟೊಂಬತ್ತು ಗಂಟೆ ಒಂದೇ ಸಮನೆ ಎಳೆಯುತ್ತದೆ. ನೀರು ಕಾಯಿಸುವ ಹೀಟರನ್ನು ರಾತ್ರಿಯೆಲ್ಲ ಉರಿಸಿದಂತೆ. ಒಂದು ಕಿಲೋವ್ಯಾಟಿನ ಮಂಜೂರಾತಿ ಇರುವ ಮನೆಗೆ ಇದು ಆಗದ ಕೆಲಸ. ಮೊದಲು ಲೋಡ್ ಹೆಚ್ಚಿಸಿಕೊಳ್ಳಬೇಕು, ಅದರ ಜೊತೆಗೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಇಪ್ಪತ್ತು ವರ್ಷದ ಹಿಂದೆ ಎಳೆದ ಸಣ್ಣ ತಂತಿ ಬಿಸಿಯಾಗಿ ಜಂತೆಗೆ ಬೆಂಕಿ ತಗಲುವ ಅಪಾಯವುಂಟು. ಮೀಟರಿನ ಪೆಟ್ಟಿಗೆಯಿಂದ ದಪ್ಪ ತಾಮ್ರದ ತಂತಿಯ ಬೇರೆ ಲೈನು, 16 ಆಂಪಿಯರಿನ ಪ್ಲಗ್ಗು, ಅದಕ್ಕೆ ತಕ್ಕ ಎಂ.ಸಿ.ಬಿ., ಸೋರುವ ಕರೆಂಟನ್ನು ಕಡಿಯುವ ಸ್ವಿಚ್ಚು, ಎಲ್ಲಕ್ಕಿಂತ ಮೇಲಾಗಿ ಸರಿಯಾದ ಅರ್ತಿಂಗ್ ಬೇಕು. ಗೋಡೆಯ ಬದಿಯಲ್ಲಿ ಕಬ್ಬಿಣದ ಮೊಳೆ ಹೊಡೆದು ತಂತಿ ಸುತ್ತಿದರೆ ಅದು ಅರ್ತಿಂಗ್ ಆಗುವುದಿಲ್ಲ. ಲೈಸೆನ್ಸು ಪಡೆದ ಗುತ್ತಿಗೆದಾರರಿಂದಲೇ ಈ ಕೆಲಸ ಮಾಡಿಸಿ, ಅದರ ಖರ್ಚನ್ನು ಕಾರಿನ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ದೂರದ ಪ್ರಯಾಣದಲ್ಲಿ ಪೆಟ್ರೋಲು ಕಾರಿನದೇ ಮೇಲುಗೈ. ಸಣ್ಣ ಕಾರಿನ 24 ಯೂನಿಟ್ಟಿನ ಬ್ಯಾಟರಿಯಲ್ಲಿ, ಕಾಗದದ ಮೇಲೆ ಎಷ್ಟೇ ಬರೆದಿದ್ದರೂ, ಜನ ತುಂಬಿ ಏ.ಸಿ. ಹಾಕಿ ಹೆದ್ದಾರಿಯಲ್ಲಿ ಓಡಿಸಿದರೆ 160 ಕಿ.ಮೀ. ದಾಟುವುದು ಕಷ್ಟ. ದಾರಿಯ ಚಾರ್ಜಿಂಗ್ ಕೇಂದ್ರಗಳಲ್ಲಿ ಯೂನಿಟ್ಟಿಗೆ 20 ರೂ. ಆಸುಪಾಸು ತೆಗೆದುಕೊಳ್ಳುವುದುಂಟು; ಆಗ ಉಳಿತಾಯದಲ್ಲಿ ಅರ್ಧದಷ್ಟು ಕರಗುತ್ತದೆ. ನಡುರಾತ್ರಿಯ ಕಷ್ಟವೊಂದಿದೆ. ಮನೆಯಲ್ಲಿ ಯಾರಿಗಾದರೂ ಹೆರಿಗೆ ನೋವೋ ಹಾವಿನ ಕಡಿತವೋ ಆದಾಗ ಪೆಟ್ರೋಲು ಸಾಲದಿದ್ದರೆ ನೆರೆಯವರ ಬೈಕಿನಿಂದ ಒಂದು ಸೀಸೆ ತೆಗೆಯಬಹುದು. ಕರೆಂಟನ್ನು ಹಾಗೆ ಕಡ ತರಲಾಗದು. ಮಳೆಗಾಲದಲ್ಲಿ ಕಂಬ ಬಿದ್ದು ಎರಡು ದಿನ ಕತ್ತಲಾಗುವ ಊರಿನವರು ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬಾರದು. ರಿಪೇರಿಯೂ ಅಷ್ಟೆ. ಪೆಟ್ರೋಲು ಕಾರನ್ನು ಹೋಬಳಿಯ ಮೇಸ್ತ್ರಿ ಹೊಂಗೆಮರದ ಕೆಳಗೆ ಬಿಚ್ಚಿ ಜೋಡಿಸುತ್ತಾನೆ. ಇದು ಕೆಟ್ಟರೆ ಜಿಲ್ಲಾ ಕೇಂದ್ರದ ಕಂಪನಿ ಗ್ಯಾರೇಜಿಗೇ ಹೋಗಬೇಕು.

ಬ್ಯಾಟರಿಯ ಆಯುಸ್ಸಿನ ಭಯ ಎಲ್ಲರಿಗೂ ಇದೆ. ಸಾಮಾನ್ಯವಾಗಿ ಕಂಪನಿಗಳು 8 ವರ್ಷ ಅಥವಾ 1,60,000 ಕಿ.ಮೀ., ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಹೊಣೆ ಬರೆದುಕೊಡುತ್ತವೆ. ಬ್ಯಾಟರಿ ಒಮ್ಮೆಗೇ ಸಾಯುವುದಿಲ್ಲ. ಹಳೆಯ ಹಸುವಿನ ಹಾಲಿನಂತೆ ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಆದರೆ ಹೊಣೆಯ ಅವಧಿ ಮುಗಿದಮೇಲೆ ಹೊಸದು ಹಾಕಿಸುವುದೆಂದರೆ ಲಕ್ಷಗಳ ಮಾತು. ಹಳೆಯ ಕರೆಂಟಿನ ಕಾರನ್ನು ಕೊಳ್ಳುವವರು ಬ್ಯಾಟರಿಯ ಸ್ಥಿತಿಯನ್ನು ಕಂಪನಿಯ ಗ್ಯಾರೇಜಿನಲ್ಲಿ ಪರೀಕ್ಷಿಸಿ ಕಾಗದ ಪಡೆಯದೆ ಮುಂಗಡ ಕೊಡಬೇಡಿ. ತಿಂಗಳಿಗೆ 500 ಕಿ.ಮೀ. ಓಡಿಸುವ ಮನೆಗೆ ಸುಸ್ಥಿತಿಯಲ್ಲಿರುವ ಹಳೆಯ ಪೆಟ್ರೋಲು ಕಾರು ಎರಡೂ ಹೊಸ ಕಾರುಗಳಿಗಿಂತ ಅಗ್ಗ ಎಂದೇ ನಮಗೆ ತೋರುತ್ತದೆ. ಮರ್ಯಾದೆಗೆ ಹೊಸದೇ ಬೇಕೆನ್ನುವವರ ಮಾತು ಬೇರೆ.

ಸದ್ದಿಲ್ಲದಿರುವುದು ಸುಖವೇ ಸರಿ. ಆದರೆ ಓಣಿಯಲ್ಲಿ ಮೆಲ್ಲಗೆ ಬರುವಾಗ ಕೋಳಿ, ಕರು, ಆಡುವ ಮಕ್ಕಳು ಯಾರಿಗೂ ಕಾರು ಬಂದದ್ದು ತಿಳಿಯುವುದಿಲ್ಲ. ಹಾರ್ನಿನ ಮೇಲೆ ಕೈಯಿರಲಿ.

ಈಗಿನಿಂದಲೇ ಒಂದು ಕೆಲಸ ಮಾಡಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳು, ಮನೆಯವರು ಬಸ್ಸಿನಲ್ಲಿ, ಆಟೋದಲ್ಲಿ, ಬೈಕಿನಲ್ಲಿ ಎಲ್ಲೆಲ್ಲಿಗೆ ಹೋದಿರೆಂದು ದಿನದಿನದ ಚೌಕದಲ್ಲಿ ಕಿ.ಮೀ. ಬರೆದಿಡಿ. ಅದರಲ್ಲಿ ಕಾರಿದ್ದರೆ ಕಾರಿನಲ್ಲಿಯೇ ಹೋಗುತ್ತಿದ್ದ ಓಡಾಟಗಳಿಗೆ ಕೆಂಪು ಗೆರೆ ಎಳೆದು ಕೂಡಿ. ಬಂದ ಮೊತ್ತವನ್ನೂ ಆ ಮೂರು ತಿಂಗಳ ಕರೆಂಟು ಬಿಲ್ಲುಗಳನ್ನೂ ಹಿಡಿದುಕೊಂಡು ಅಂಗಡಿಗೆ ಹೋಗಿ.