ಸದ್ದಿಲ್ಲದೆ ಬರುವ ಕಳ್ಳ

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರಕ್ಕೆ ಆಶಾ ಕಾರ್ಯಕರ್ತೆ ಬಂದರು. "ಸೋಮವಾರ ಆಸ್ಪತ್ರೆಯಲ್ಲಿ ಗರ್ಭಕೋಶದ ಬಾಯಿಯ ತಪಾಸಣೆ ಇದೆ. ಮೂವತ್ತು ವರ್ಷ ದಾಟಿದವರೆಲ್ಲ ಬನ್ನಿ" ಎಂದರು.

ಯಾರೂ ಮಾತಾಡಲಿಲ್ಲ. ಕೆಲವರು ತಲೆ ತಗ್ಗಿಸಿದರು. ಕೊನೆಗೆ ಹಿಂದೆ ಕೂತಿದ್ದ ಒಬ್ಬ ಅಕ್ಕ ಕೇಳಿದರು:

"ಟೀಚರಮ್ಮ, ನಂಗೆ ನೋವಿಲ್ಲ, ಜ್ವರ ಇಲ್ಲ. ದಿನಾ ಕೂಲಿಗೆ ಹೋಗ್ತೀನಿ. ಏನೂ ಇಲ್ದೆ ಆಸ್ಪತ್ರೆಗೆ ಯಾಕೆ ಹೋಗ್ಬೇಕು?"

ಒಳ್ಳೆಯ ಪ್ರಶ್ನೆ. ಬನ್ನಿ, ಇದಕ್ಕೆ ಉತ್ತರ ತಿಳಿಯೋಣ.

ಮೈಯ ಕಾವಲುಗಾರರು

ಕಾಲಿಗೆ ಮುಳ್ಳು ಚುಚ್ಚಿದರೆ ಏನಾಗುತ್ತದೆ? ಆ ಜಾಗ ಕೆಂಪಾಗುತ್ತದೆ. ಊದಿಕೊಳ್ಳುತ್ತದೆ. ಕೆಲವು ಸಲ ಕೀವಾಗುತ್ತದೆ. ನಮ್ಮ ಮೈ ರೋಗಾಣುಗಳ ಜೊತೆ ಹೋರಾಡುತ್ತಿದೆ ಎಂದು ಅರ್ಥ.

ನಮ್ಮ ರಕ್ತದಲ್ಲಿ ಬಿಳಿ ರಕ್ತಕಣಗಳಿವೆ. ಅವೇ ನಮ್ಮ ಕಾವಲುಗಾರರು. ಹಗಲೂ ರಾತ್ರಿ ಮೈಯೆಲ್ಲ ತಿರುಗುತ್ತವೆ. ಕಳ್ಳ ಸಿಕ್ಕರೆ ಬಿಡುವುದಿಲ್ಲ. ಜ್ವರ, ನೋವು, ಊತ ಬಂದರೆ ಕಾವಲುಗಾರರು ಎದ್ದಿದ್ದಾರೆ ಎಂದೇ ತಿಳಿಯಿರಿ.

ಆದರೆ ಒಬ್ಬ ಕಳ್ಳ ಇದ್ದಾನೆ. ಅವನು ಬಂದರೆ ನಾಯಿ ಬೊಗಳುವುದಿಲ್ಲ. ಕಾವಲುಗಾರನಿಗೆ ಎಚ್ಚರ ಆಗುವುದಿಲ್ಲ. ಅವನ ಹೆಸರು ಎಚ್‌ಪಿವಿ. ಇದು ಒಂದು ವೈರಸ್. ವೈರಸ್ ಅಂದರೆ ಕಣ್ಣಿಗೆ ಕಾಣದ, ಬಹಳ ಸಣ್ಣ ರೋಗಾಣು. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಹೆಚ್ಚು ಕಡಿಮೆ ಯಾವಾಗಲೂ ಇದೇ ಕಾರಣ. ಜರ್ಮನಿ ದೇಶದ ವಿಜ್ಞಾನಿ ಹರಾಲ್ಡ್ ಜುರ್ ಹೌಸೆನ್ ಇದನ್ನು ಕಂಡುಹಿಡಿದರು. ಅದಕ್ಕಾಗಿ 2008ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಕಳ್ಳ ಅಡಗುವುದು ಹೇಗೆ?

ಎಣ್ಣೆ ಸ್ನಾನದ ದಿನ ಮೈ ಉಜ್ಜಿದರೆ ಕೊಳೆಯ ಜೊತೆ ಸತ್ತ ಚರ್ಮವೂ ಉದುರುತ್ತದೆ. ಚರ್ಮದಲ್ಲಿ ಪದರ ಪದರ ಇದೆ. ತಳದ ಪದರದಲ್ಲಿ ಹೊಸ ಜೀವಕೋಶ ಹುಟ್ಟುತ್ತವೆ. ಅವು ನಿಧಾನವಾಗಿ ಮೇಲೆ ಬರುತ್ತವೆ. ಕೊನೆಗೆ ಉದುರಿ ಹೋಗುತ್ತವೆ. ಗರ್ಭಕೋಶದ ಬಾಯಿಯ ಮೇಲೂ ಇಂಥ ಪದರಗಳಿವೆ.

ಲೈಂಗಿಕ ಸಂಪರ್ಕದಲ್ಲಿ ಈ ವೈರಸ್ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಸಣ್ಣ ತರಚು ಗಾಯದಿಂದ ತಳದ ಪದರಕ್ಕೆ ಇಳಿಯುತ್ತದೆ. ಅಲ್ಲಿ ನಾಲ್ಕು ಉಪಾಯ ಮಾಡುತ್ತದೆ.

ಒಂದು: ಅದು ರಕ್ತಕ್ಕೆ ಇಳಿಯುವುದಿಲ್ಲ. ಕಾವಲುಗಾರರು ಹೆಚ್ಚು ಓಡಾಡುವ ದಾರಿಗೆ ಬರುವುದೇ ಇಲ್ಲ.

ಎರಡು: ತಾನಿರುವ ಜೀವಕೋಶವನ್ನು ಒಡೆದು ಕೊಲ್ಲುವುದಿಲ್ಲ. ಹೊಸ ವೈರಸ್‌ಗಳನ್ನು ಮೇಲಿನ ಪದರದಲ್ಲೇ ತಯಾರಿಸುತ್ತದೆ. ಆ ಪದರ ಹೇಗೂ ಉದುರುತ್ತದೆ. ಹಾಗಾಗಿ ಊತ ಇಲ್ಲ, ಜ್ವರ ಇಲ್ಲ.

ಮೂರು: ಕಳ್ಳ ಹೊಕ್ಕ ಜೀವಕೋಶ ಸಾಮಾನ್ಯವಾಗಿ ಅಕ್ಕಪಕ್ಕದವರನ್ನು ಕೂಗಿ ಎಚ್ಚರಿಸುತ್ತದೆ. ಎಚ್‌ಪಿವಿ ಅದರ ಬಾಯಿ ಕಟ್ಟುತ್ತದೆ.

ನಾಲ್ಕು: ಪ್ರತಿ ಜೀವಕೋಶವೂ ಒಳಗೆ ಏನಿದೆ ಎಂದು ಹೊರಗೆ ಗುರುತು ತೋರಿಸುತ್ತದೆ. ಕಾವಲುಗಾರರು ಅದನ್ನು ನೋಡಿ ಕಳ್ಳನ ಮನೆ ಗುರುತಿಸುತ್ತಾರೆ. ಎಚ್‌ಪಿವಿ ಆ ಗುರುತನ್ನೂ ಕಡಿಮೆ ಮಾಡುತ್ತದೆ.

ಇದರಿಂದ ಹೆದರಬೇಡಿ. ನಮ್ಮ ಕಾವಲುಗಾರರು ದಡ್ಡರಲ್ಲ. ಈ ವೈರಸ್ ತಗುಲಿದ 10 ಜನರಲ್ಲಿ ಸುಮಾರು 9 ಜನರಿಗೆ ಎರಡು ವರ್ಷದ ಒಳಗೆ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದುಬಿಡುತ್ತದೆ.

ಮೂಗುದಾರ ಹರಿದಾಗ

ಎತ್ತಿಗೆ ಮೂಗುದಾರ ಇರುತ್ತದೆ. ಜೀವಕೋಶಕ್ಕೂ ಹಾಗೆ ಒಂದು ಹಿಡಿತ ಇದೆ. "ಸಾಕು, ಇನ್ನು ಬೆಳೆಯಬೇಡ" ಎಂದು ಅದು ತಡೆಯುತ್ತದೆ. ಉಳಿದುಕೊಂಡ ವೈರಸ್ ಈ ಮೂಗುದಾರವನ್ನೇ ಹರಿಯುತ್ತದೆ. ಆಗ ಜೀವಕೋಶಗಳು ಅಂಕೆ ಇಲ್ಲದೆ ಬೆಳೆಯುತ್ತವೆ. ಹೀಗೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯದವರಲ್ಲಿ ಬೇಗ ಆಗಬಹುದು.

ಇಷ್ಟು ವರ್ಷ ಹೆಣ್ಣುಮಗಳಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. ಒಂದು ಲೆಕ್ಕದ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 80 ಸಾವಿರ ಹೆಂಗಸರು ಈ ಕ್ಯಾನ್ಸರ್‌ನಿಂದ ತೀರಿಕೊಂಡರು.

ನಮ್ಮ ಕೈಯಲ್ಲಿ ಏನಿದೆ?

ಕಳ್ಳ ಸದ್ದು ಮಾಡುವುದಿಲ್ಲ. ಆದ್ದರಿಂದ ನಾವೇ ದೀಪ ಹಿಡಿದು ಹುಡುಕಬೇಕು. ಅದೇ ತಪಾಸಣೆ.

ನರ್ಸಮ್ಮ ಅಥವಾ ಡಾಕ್ಟರಮ್ಮ ಗರ್ಭಕೋಶದ ಬಾಯಿಗೆ ಹತ್ತಿಯಿಂದ ತೆಳುವಾದ ಹುಳಿ ದ್ರಾವಣ ಹಚ್ಚುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜೀವಕೋಶ ಇದ್ದರೆ ಆ ಜಾಗ ಬೆಳ್ಳಗೆ ಕಾಣುತ್ತದೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಬೆಳ್ಳಗೆ ಕಂಡರೆ ಕ್ಯಾನ್ಸರ್ ಬಂತು ಎಂದಲ್ಲ. ಇನ್ನೊಂದು ಪರೀಕ್ಷೆ ಬೇಕು ಎಂದಷ್ಟೇ. ಕ್ಯಾನ್ಸರ್ ಆಗುವ ಮೊದಲೇ ಆ ಜಾಗಕ್ಕೆ ಚಿಕಿತ್ಸೆ ಮಾಡಿ ಸರಿಪಡಿಸಬಹುದು. ಮೂವತ್ತು ದಾಟಿದವರು ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು.

ಹೆಣ್ಣುಮಕ್ಕಳಿಗೆ ಲಸಿಕೆಯೂ ಇದೆ. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಒಳ್ಳೆಯದು. ಲಸಿಕೆಯಲ್ಲಿ ವೈರಸ್ ಇಲ್ಲ. ಕಾಳಿಲ್ಲದ ಕಡಲೆಕಾಯಿ ಸಿಪ್ಪೆಯಂತೆ ಅದರ ಹೊರಗಿನ ಚಿಪ್ಪಿನ ರೂಪ ಮಾತ್ರ ಇದೆ. ಅದರಿಂದ ರೋಗ ಬರುವುದಿಲ್ಲ. ಲಸಿಕೆಯನ್ನು ತೋಳಿಗೆ ಚುಚ್ಚುತ್ತಾರೆ. ಅಲ್ಲಿ ಅಡಗಲು ಜಾಗ ಇಲ್ಲ. ಕಾವಲುಗಾರರು ಕಳ್ಳನ ಮುಖ ಚೆನ್ನಾಗಿ ನೋಡಿ ನೆನಪಿಟ್ಟುಕೊಳ್ಳುತ್ತಾರೆ. ಮುಂದೆ ನಿಜವಾದ ಕಳ್ಳ ಬಂದರೆ ಬಾಗಿಲಲ್ಲೇ ಹಿಡಿಯುತ್ತಾರೆ. ಲಸಿಕೆ ಹಾಕಿಸಿಕೊಂಡವರೂ ಮುಂದೆ ತಪಾಸಣೆ ಮಾಡಿಸಬೇಕು.

ಇನ್ನೊಂದು ಮಾತು. ಈ ವೈರಸ್ ಗಂಡಸರಲ್ಲೂ ಇರುತ್ತದೆ, ಹೆಂಗಸರಲ್ಲೂ ಇರುತ್ತದೆ. ಬಹಳ ಜನಕ್ಕೆ ಜೀವನದಲ್ಲಿ ಒಮ್ಮೆಯಾದರೂ ತಗುಲುತ್ತದೆ. ಯಾವಾಗ ತಗುಲಿತು ಎಂದು ಹೇಳಲಾಗದು. ಹಾಗಾಗಿ ಯಾರ ನಡತೆಯ ಮೇಲೂ ಅನುಮಾನ ಬೇಡ. ನಾಚಿಕೆಯೂ ಬೇಡ.

ಸೋಮವಾರ ನಮ್ಮ ಕೇಂದ್ರದಿಂದ ಆರು ಜನ ಹೋದರು. ಪ್ರಶ್ನೆ ಕೇಳಿದ ಅಕ್ಕನೂ ಹೋದರು. ಅವರಿಗೇ ಒಂದು ಬಿಳಿ ಮಚ್ಚೆ ಕಂಡಿತು. ದೊಡ್ಡಾಸ್ಪತ್ರೆಗೆ ಹೋಗಲು ಚೀಟಿ ಕೊಟ್ಟರು. ಚೀಟಿಯ ಮೇಲಿನ ತಮ್ಮ ಹೆಸರನ್ನು ಅಕ್ಕ ತಾವೇ ಓದಿದರು. "ಇನ್ನೂ ಕ್ಯಾನ್ಸರ್ ಆಗಿಲ್ಲ" ಎಂದು ಅಲ್ಲಿ ಹೇಳಿದರು. ಚಿಕಿತ್ಸೆ ಆಯಿತು. ಈಗ ಮತ್ತೆ ಕೂಲಿಗೆ ಹೋಗುತ್ತಿದ್ದಾರೆ. "ನೋವಿಲ್ಲ ಅಂತ ಸುಮ್ನೆ ಕೂರಬ್ಯಾಡ್ರವ್ವಾ" ಎಂದು ಈಗ ಅವರೇ ಎಲ್ಲರಿಗೂ ಹೇಳುತ್ತಾರೆ.

ನೆನಪಿಡಿ

ಈ ತೊಂದರೆಗಳಿದ್ದರೆ ಶಿಬಿರಕ್ಕೆ ಕಾಯಬೇಡಿ. ಕೂಡಲೇ ಡಾಕ್ಟರಿಗೆ ತೋರಿಸಿ.
- ಮುಟ್ಟು ಅಲ್ಲದ ದಿನಗಳಲ್ಲಿ ರಕ್ತ ಹೋಗುವುದು
- ಗಂಡನ ಜೊತೆ ಕೂಡಿದ ಮೇಲೆ ರಕ್ತ ಕಾಣುವುದು
- ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಹೋಗುವುದು
- ಕೆಟ್ಟ ವಾಸನೆಯ ಬಿಳಿಸೆರಗು

ಯೋಚಿಸಿ, ಹೇಳಿ

1. ಈ ವೈರಸ್ ಬಂದರೂ ಜ್ವರ ಯಾಕೆ ಬರುವುದಿಲ್ಲ?
2. ನಿಮ್ಮ ಮನೆಯಲ್ಲಿ ಮೂವತ್ತು ದಾಟಿದವರು ಯಾರು ಯಾರು? ಅವರ ಹೆಸರು ಬರೆಯಿರಿ.
3. ಈ ಪಾಠವನ್ನು ಯಾರಿಗೆ ಓದಿ ಹೇಳುತ್ತೀರಿ?