ಡ್ರೋನ್ ಕೆಳಗಿಳಿದ ಮೇಲೆ

ಜಾತ್ರೆಯ ತೇರಿನ ಮೇಲೆ ಹಾರಲಿ, ಛತ್ರದ ಮುಂದಿನ ಮೆರವಣಿಗೆಯ ಮೇಲೆ ಹಾರಲಿ, ಡ್ರೋನ್ ಕಂಡ ಕೂಡಲೇ ಪೊಲೀಸರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಪರ್ಮಿಷನ್ ಲೆಟರ್ ಎಲ್ಲಪ್ಪಾ?’ ರಿಮೋಟ್ ಹಿಡಿದ ಹುಡುಗನಿಗೆ ಇದಕ್ಕೆ ಉತ್ತರ ಹೊಳೆಯುವುದಿಲ್ಲ. ಯಾಕೆಂದರೆ ಬಹಳಷ್ಟು ಸಂದರ್ಭಗಳಲ್ಲಿ ಅಂಥ ಪತ್ರವೇ ಇರುವುದಿಲ್ಲ. ಕೊಡುವ ಕಚೇರಿಯಿಲ್ಲ, ಪಡೆಯಬೇಕೆಂಬ ನಿಯಮವೂ ಇಲ್ಲ. ಇಲ್ಲದ ಪತ್ರವನ್ನು ತೋರಿಸಲಾಗದೆ ಅವನು ತಡವರಿಸುತ್ತಾನೆ. ತಡವರಿಸಿದ್ದೇ ತಪ್ಪೊಪ್ಪಿಗೆಯಂತೆ ಕಾಣುತ್ತದೆ. ಡ್ರೋನ್ ಜೀಪಿನೊಳಗೆ ಹೋಗುತ್ತದೆ.

ಈ ಪ್ರಶ್ನೆ ಹಳೆಯ ಕಾನೂನಿನಿಂದ ಉಳಿದು ಬಂದದ್ದು. 2014ರ ಅಕ್ಟೋಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಸಾರ್ವಜನಿಕರು ಡ್ರೋನ್ ಹಾರಿಸುವುದನ್ನೇ ತಡೆಹಿಡಿದಿತ್ತು. 2018ರ ಡಿಸೆಂಬರ್ 1ರಿಂದ ಜಾರಿಯಾದ ನಿಯಮಾವಳಿ ಬಾಗಿಲನ್ನು ಸ್ವಲ್ಪ ತೆರೆಯಿತು. ಆದರೆ ಎರಡು ಕಿಲೋ ಒಳಗಿನ ಡ್ರೋನ್ ಹಾರಿಸುವವರೂ 24 ಗಂಟೆ ಮೊದಲು ಸ್ಥಳೀಯ ಠಾಣೆಗೆ ತಿಳಿಸಬೇಕೆಂದು ಅದು ಹೇಳಿತ್ತು. ಠಾಣೆಯ ನೆನಪಿನಲ್ಲಿ ನಿಂತಿರುವುದು ಆ ನಿಯಮ. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ಹಿಂದಿನದನ್ನೆಲ್ಲ ಬದಿಗೆ ಸರಿಸಿ ಆಕಾಶವನ್ನೇ ಹಸಿರು, ಹಳದಿ, ಕೆಂಪು ಎಂದು ಹಂಚಿದವು. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಹಾರಿಸಲು ಈ ನಿಯಮಗಳಡಿ ಯಾರ ಪೂರ್ವಾನುಮತಿಯೂ ಬೇಕಿಲ್ಲ. ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಣದವರ ಒಪ್ಪಿಗೆ ಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತೆಯೇ ಇಲ್ಲ.

ಆದ್ದರಿಂದ ಪೈಲಟ್ ಕೈಯಲ್ಲಿ ಮೊದಲು ಇರಬೇಕಾದದ್ದು ನಕ್ಷೆ. ಡಿಜಿಟಲ್ ಸ್ಕೈ ವೇದಿಕೆಯ ನಕ್ಷೆಯಲ್ಲಿ ತಾನು ನಿಂತ ಜಾಗ ಯಾವ ಬಣ್ಣದಲ್ಲಿದೆ ಎಂಬುದನ್ನು ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡವನ ಮಾತಿಗೆ ತೂಕ ಬರುತ್ತದೆ. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ಅಂತರದಲ್ಲಿ ಹಸಿರಿನ ಎತ್ತರ 200 ಅಡಿಗೆ ಇಳಿಯುತ್ತದೆ. ಇನ್ನೂ ಹತ್ತಿರ ಹೋದಂತೆ ಹಳದಿ, ಕೆಂಪು. ಕೆಂಪೇಗೌಡ ನಿಲ್ದಾಣ, ಯಲಹಂಕದ ವಾಯುನೆಲೆ, ಜಕ್ಕೂರು, ಎಚ್‌ಎಎಲ್ ಎಲ್ಲವೂ ಇರುವ ಬೆಂಗಳೂರಿನಲ್ಲಿ ‘ನಮ್ಮ ಲೇಔಟ್ ತಾನೇ’ ಎಂದು ಹಾರಿಸುವುದು ಅಪಾಯ. ಕೈಗಾ, ಕಾರವಾರದ ನೌಕಾನೆಲೆಯ ಸುತ್ತಲಂತೂ ಪೊಲೀಸರಿಗಿಂತ ಮೊದಲು ಬೇರೆಯವರು ಬರುತ್ತಾರೆ. ಹಂಪಿ, ಪಟ್ಟದಕಲ್ಲಿನಂಥ ಸಂರಕ್ಷಿತ ಸ್ಮಾರಕಗಳಿಗೆ ಪುರಾತತ್ವ ಇಲಾಖೆಯ ಅನುಮತಿ ಪ್ರತ್ಯೇಕವಾಗಿ ಬೇಕು. ಕಾಡಿನೊಳಗೆ ಅರಣ್ಯ ಇಲಾಖೆಯದು.

ಹಸಿರು ವಲಯವೂ ಒಮ್ಮೊಮ್ಮೆ ಕೆಂಪಾಗಬಹುದು. ತುರ್ತು ಅಗತ್ಯವಿದ್ದರೆ ಪೊಲೀಸರು ಒಂದು ಪ್ರದೇಶವನ್ನು ತಾತ್ಕಾಲಿಕ ಕೆಂಪು ವಲಯ ಎಂದು ಘೋಷಿಸಬಹುದು. ಅದಕ್ಕೆ ಷರತ್ತುಗಳಿವೆ: ಘೋಷಿಸುವವರು ಎಸ್‌ಪಿ ದರ್ಜೆಗಿಂತ ಕೆಳಗಿನವರಾಗಿರಬಾರದು, ಒಂದು ಸಲಕ್ಕೆ 96 ಗಂಟೆ ಮೀರಬಾರದು, ಅದು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕಾಣಿಸಬೇಕು, ವಿಸ್ತಾರ ಅಗತ್ಯಕ್ಕಿಂತ ಹೆಚ್ಚಿರಬಾರದು. ಇದರ ಹೊರಗೆ ಇನ್ನೊಂದು ದಾರಿಯಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 163, ಅಂದರೆ ಹಳೆಯ 144, ಇದರಡಿ ಹೊರಡುವ ನಿಷೇಧಾಜ್ಞೆ. ಗಣ್ಯರ ಭೇಟಿ, ದೊಡ್ಡ ಉತ್ಸವ, ಗಲಭೆಯ ಭೀತಿ ಇರುವಾಗ ಜಿಲ್ಲಾಡಳಿತ ಅಥವಾ ಪೊಲೀಸ್ ಕಮಿಷನರ್ ಹೊರಡಿಸುವಂಥದು. ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ಅದು ನಿಲ್ಲುವುದಿಲ್ಲ. ಎರಡೂ ಬರಹದ ಆದೇಶಗಳು. ಬಂದೋಬಸ್ತಿನಲ್ಲಿರುವ ಸಿಬ್ಬಂದಿ ‘ಇಲ್ಲಿ ಬ್ಯಾನ್ ಇದೆ’ ಎಂದಾಗ, ‘ಸರ್, ಯಾವ ಆದೇಶ, ಯಾವ ತಾರೀಖಿನದು?’ ಎಂದು ಕೇಳುವುದು ಉದ್ಧಟತನವಲ್ಲ. ಆ ಪ್ರಶ್ನೆಗೆ ಉತ್ತರ ಪಡೆಯುವ ಹಕ್ಕು ಪೈಲಟ್‌ಗಿದೆ.

ಆದರೆ ಈ ಪ್ರಶ್ನೆ ಕೇಳುವ ಮೊದಲು ಡ್ರೋನ್ ಇಳಿಸಿಬಿಡಬೇಕು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಶಾಂತಿ ಕಾಪಾಡಲು ಪೊಲೀಸರು ಕೊಡುವ ಕಾನೂನುಬದ್ಧ ಸೂಚನೆಯನ್ನು ಪಾಲಿಸಲೇಬೇಕೆಂದು ಹೊಸ ಸಂಹಿತೆಯ ಸೆಕ್ಷನ್ 172 ಹೇಳುತ್ತದೆ. ಒಪ್ಪದವರನ್ನು ಅಲ್ಲಿಂದ ಕರೆದೊಯ್ಯುವ ಅಧಿಕಾರವೂ ಅದರಲ್ಲಿದೆ. ಮೇಲೆ ಹಾರುತ್ತಿರುವ ಯಂತ್ರವನ್ನಿಟ್ಟುಕೊಂಡು ವಾದ ಮಾಡಿದರೆ ನೆಲದ ಮೇಲಿನ ಸಣ್ಣ ವಿಷಯ ‘ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿ’ ಎಂಬ ಪ್ರಕರಣವಾಗಿ ಬೆಳೆಯುತ್ತದೆ. ಸುರಕ್ಷಿತವಾಗಿ ಇಳಿಸಿ, ಬ್ಯಾಟರಿ ಬೇರ್ಪಡಿಸಿ, ಆಮೇಲೆ ಮಾತಾಡಿದರೆ ಕಾನೂನು ನಿಮ್ಮ ಕಡೆ ಬರುವ ಸಾಧ್ಯತೆ ಹೆಚ್ಚು.

ಪೈಲಟ್‌ನ ಕಾಗದಗಳೂ ಸರಿಯಿರಬೇಕು. 250 ಗ್ರಾಂ ಒಳಗಿನ ನ್ಯಾನೋ ಡ್ರೋನ್‌ಗೆ ಪೈಲಟ್ ಪ್ರಮಾಣಪತ್ರ ಬೇಡ. ಎರಡು ಕಿಲೋವರೆಗಿನದನ್ನು ಹವ್ಯಾಸಕ್ಕೆ ಹಾರಿಸಿದರೂ ಬೇಡ. ಅದೇ ಒಂದು ಕಿಲೋ ಡ್ರೋನನ್ನು ಮದುವೆಯವರಿಂದ ದುಡ್ಡು ಪಡೆದು ಹಾರಿಸಿದರೆ ಬೇಕು. ಹೊಲಕ್ಕೆ ಔಷಧಿ ಸಿಂಪಡಿಸುವ ದೊಡ್ಡ ಯಂತ್ರಗಳಿಗಂತೂ ಬೇಕೇ ಬೇಕು. 18ರಿಂದ 65 ವರ್ಷದೊಳಗಿನ, ಹತ್ತನೇ ತರಗತಿ ಪಾಸಾದ ಯಾರಾದರೂ ಡಿಜಿಸಿಎ ಮಾನ್ಯತೆಯ ಶಾಲೆಯಲ್ಲಿ ತರಬೇತಿ ಪಡೆದು ಇದನ್ನು ಗಳಿಸಬಹುದು. ಒಮ್ಮೆ ಸಿಕ್ಕರೆ ಹತ್ತು ವರ್ಷ ನಡೆಯುತ್ತದೆ. ಪಾಸ್‌ಪೋರ್ಟ್ ಬೇಕೆಂಬ ಹಳೆಯ ಅಡ್ಡಿಯನ್ನು 2023ರಲ್ಲಿ ತೆಗೆದಿದ್ದಾರೆ. ನೋಂದಣಿ ಸಂಖ್ಯೆ, ಖರೀದಿ ರಸೀದಿ, ನ್ಯಾನೋಗಿಂತ ದೊಡ್ಡದಾದರೆ ಮೂರನೇ ವ್ಯಕ್ತಿಯ ವಿಮೆ, ಇವು ಫೋನಿನಲ್ಲೇ ಇರಲಿ. 2022ರ ಫೆಬ್ರವರಿ 9ರಿಂದ ವಿದೇಶಿ ಡ್ರೋನ್‌ಗಳ ಆಮದನ್ನು, ಸಂಶೋಧನೆ, ರಕ್ಷಣೆ, ಭದ್ರತೆಯ ಬಳಕೆ ಬಿಟ್ಟು, ನಿಷೇಧಿಸಲಾಗಿದೆ. ಬಿಲ್ ಇಲ್ಲದೆ ಕೈಬದಲಾಗಿ ಬಂದ ಡ್ರೋನ್ ಠಾಣೆಯ ಮೆಟ್ಟಿಲ ಮೇಲೆ ಮಾಲೀಕನ ಬಾಯಿ ಮುಚ್ಚಿಸುವುದು ಈ ಕಾರಣಕ್ಕೆ.

ಇನ್ನು ಜಪ್ತಿ. ದೂರುಗಳು ಹೆಚ್ಚಿರುವುದು ಇಲ್ಲಿಯೇ. ಕಳವಿನ ಮಾಲೆಂದು ಅನುಮಾನವಿದ್ದರೆ, ಅಥವಾ ಅಪರಾಧ ನಡೆದಿದೆ ಎಂಬ ಶಂಕೆ ಹುಟ್ಟಿಸುವ ಸಂದರ್ಭದಲ್ಲಿ ವಸ್ತು ಸಿಕ್ಕರೆ, ಸುರಕ್ಷಾ ಸಂಹಿತೆಯ ಸೆಕ್ಷನ್ 106ರಡಿ ಪೊಲೀಸರು ಅದನ್ನು ವಶಪಡಿಸಿಕೊಳ್ಳಬಹುದು. ವಶಪಡಿಸಿಕೊಂಡದ್ದನ್ನು ಕೂಡಲೇ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಸೆಕ್ಷನ್ 105ರ ಪ್ರಕಾರ ಶೋಧ, ಜಪ್ತಿ, ಪಟ್ಟಿ ತಯಾರಿ, ಸಾಕ್ಷಿಗಳ ಸಹಿ ಎಲ್ಲವನ್ನೂ ಮೊಬೈಲಿನಲ್ಲಾದರೂ ಚಿತ್ರೀಕರಿಸಲೇಬೇಕು. ಆದರೆ ಬೀದಿಯಲ್ಲಿ ಕೇಳಿಬರುವ ಮಾತು ಬೇರೆ: ‘ಸ್ಟೇಷನ್‌ಗೆ ಬಂದು ತಗೊಂಡೋಗು.’ ಮಹಜರು ಇಲ್ಲ, ಪ್ರಾಪರ್ಟಿ ಫಾರ್ಮ್ (ಪಿ.ಎಫ್.) ನಂಬರ್ ಇಲ್ಲ, ಎಫ್‌ಐಆರ್ ಇಲ್ಲ. ಮಾಲು ಮಾತ್ರ ಠಾಣೆಯ ಬೀರುವಿನಲ್ಲಿ. ಕಾನೂನಿನ ಕಣ್ಣಿಗೆ ಇಂಥ ಡ್ರೋನ್ ಎಲ್ಲೂ ಇಲ್ಲ. ಅದು ಕಳೆದರೆ, ಮುರಿದರೆ ಕೇಳಲು ಯಾವ ಆಧಾರವೂ ಉಳಿಯುವುದಿಲ್ಲ. ಹಾಗಾಗಿ ‘ತಗೊಳ್ಳಿ ಸರ್, ಆದರೆ ಮಹಜರು ಮಾಡಿ, ಒಂದು ಪ್ರತಿ ಕೊಡಿ’ ಎನ್ನುವುದು ಪೈಲಟ್ ಆಡಬಹುದಾದ ಅತ್ಯಂತ ಮುಖ್ಯವಾದ ಮಾತು. ಸೀರಿಯಲ್ ನಂಬರ್, ರಿಮೋಟ್, ಬ್ಯಾಟರಿಗಳ ಲೆಕ್ಕ, ಮೆಮೊರಿ ಕಾರ್ಡ್, ಮೊದಲೇ ಇದ್ದ ಗೀರು ಎಲ್ಲವೂ ಪಟ್ಟಿಯಲ್ಲಿ ಬರಬೇಕು. ಕೊಡದೇ ಹೋದರೆ ಅದೇ ಸಂಜೆ ಎಸ್‌ಪಿ ಕಚೇರಿಗೆ ಇಮೇಲ್‌ನಲ್ಲೋ ಸ್ಪೀಡ್ ಪೋಸ್ಟ್‌ನಲ್ಲೋ ನಡೆದದ್ದನ್ನು ಬರೆದು ಕಳಿಸಬೇಕು. ಆ ಪತ್ರದ ತಾರೀಖು ಮುಂದೆ ಸಾಕ್ಷ್ಯವಾಗುತ್ತದೆ.

‘ವಿಡಿಯೊ ಡಿಲೀಟ್ ಮಾಡು’ ಎಂಬ ಒತ್ತಾಯವೂ ಸಾಮಾನ್ಯ. ಸ್ಥಳದಲ್ಲೇ ದೃಶ್ಯ ಅಳಿಸಿಹಾಕಿಸುವ ಅಧಿಕಾರ ಈ ಸಂಹಿತೆಯಲ್ಲಿ ಎಲ್ಲೂ ಇಲ್ಲ. ಅಪರಾಧ ನಡೆದಿದ್ದರೆ ಆ ದೃಶ್ಯವೇ ಸಾಕ್ಷ್ಯ. ನಡೆದಿಲ್ಲದಿದ್ದರೆ ಅದು ನಿಮ್ಮ ನಿರ್ದೋಷಿತ್ವದ ಸಾಕ್ಷ್ಯ. ಡ್ರೋನಿನ ದಾಖಲೆ ಕೂತಿರುವುದು ಫೋನಿನ ಆ್ಯಪ್‌ನಲ್ಲಿ. ಹಾಗಾಗಿ ಪೊಲೀಸರ ಕೈ ಮೊದಲು ಚಾಚುವುದು ಫೋನಿನತ್ತ. ವೀರೇಂದ್ರ ಖನ್ನಾ ಪ್ರಕರಣದಲ್ಲಿ 2021ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಫೋನ್, ಲ್ಯಾಪ್‌ಟಾಪ್‌ಗಳ ಶೋಧಕ್ಕೆ ದಾರಿ ಹಾಕಿಕೊಟ್ಟಿದೆ: ಆರೋಪಿ ಪಾಸ್‌ವರ್ಡ್ ಕೊಡಲು ಒಪ್ಪದಿದ್ದರೆ ತನಿಖಾಧಿಕಾರಿ ನ್ಯಾಯಾಲಯದ ವಾರಂಟ್ ಪಡೆಯಬೇಕು, ತುರ್ತಿದ್ದರೆ ಮಾತ್ರ ಕಾರಣವನ್ನು ಬರೆದಿಟ್ಟು ಮುಂದುವರಿಯಬಹುದು. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದೂ ಅದೇ ತೀರ್ಪು ಹೇಳಿದೆ. ರಸ್ತೆ ಬದಿಯಲ್ಲಿ ನಿಂತು ಗ್ಯಾಲರಿ ತೆರೆಸಿ ನೋಡುವ ಪದ್ಧತಿಗೆ ಈ ತೀರ್ಪಿನಲ್ಲಿ ಜಾಗವಿಲ್ಲ.

ಡ್ರೋನ್ ನಿಯಮ ಮುರಿದವನನ್ನು ಶಿಕ್ಷಿಸುವವರು ಯಾರು? ಈ ಪ್ರಶ್ನೆಯ ಬಗ್ಗೆ ವಕೀಲರೂ ಇನ್ನಷ್ಟು ಗಮನ ಕೊಡಬೇಕೆಂದು ನನಗನಿಸುತ್ತದೆ. 2021ರ ನಿಯಮಗಳ ಪ್ರಕಾರ ದಂಡ ವಿಧಿಸುವವರು ಡಿಜಿಸಿಎ ಮಹಾನಿರ್ದೇಶಕರು ಅಥವಾ ಅವರು ಅಧಿಕಾರ ಕೊಟ್ಟವರು. ಅದೂ ಆ ವ್ಯಕ್ತಿಯ ಮಾತು ಕೇಳಿದ ನಂತರ. ದಂಡದ ಮಿತಿ ಒಂದು ಲಕ್ಷ ರೂಪಾಯಿ. ಈ ನಿಯಮಗಳು ಹುಟ್ಟಿದ್ದು 1934ರ ವಿಮಾನ ಕಾಯ್ದೆಯಡಿ. 2020ರ ತಿದ್ದುಪಡಿ ಆ ಕಾಯ್ದೆಗೆ ಸೇರಿಸಿದ ಸೆಕ್ಷನ್ 12ಬಿ, ಡಿಜಿಸಿಎಯಂಥ ಅಧಿಕಾರಿಗಳ ದೂರು ಅಥವಾ ಪೂರ್ವ ಮಂಜೂರಾತಿ ಇಲ್ಲದೆ ನ್ಯಾಯಾಲಯ ಆ ಅಪರಾಧಗಳನ್ನು ಕೈಗೆತ್ತಿಕೊಳ್ಳಬಾರದೆಂದಿತು. ಜಾರ್ಖಂಡಿನ ದೇವಘರ್ ವಿಮಾನ ನಿಲ್ದಾಣದಿಂದ 2022ರ ಆಗಸ್ಟ್ 31ರ ಸಂಜೆ ವಿಮಾನ ಹೊರಡಿಸಲು ಒತ್ತಡ ಹೇರಿದರೆಂದು ಸಂಸದರಾದ ನಿಶಿಕಾಂತ್ ದುಬೆ, ಮನೋಜ್ ತಿವಾರಿ ಮತ್ತಿತರರ ಮೇಲೆ ಅಲ್ಲಿನ ಪೊಲೀಸರು ಎಫ್‌ಐಆರ್ ಹಾಕಿದ್ದರು. ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಜನವರಿ 21ರಂದು ಸುಪ್ರೀಂ ಕೋರ್ಟ್ ಆ ರದ್ದತಿಯನ್ನು ಎತ್ತಿಹಿಡಿಯಿತು. ವಿಮಾನ ಕಾಯ್ದೆ ತನ್ನಷ್ಟಕ್ಕೆ ಪೂರ್ಣವಾದ ಸಂಹಿತೆ, ಸ್ಥಳೀಯ ಪೊಲೀಸರು ತಾವು ಸಂಗ್ರಹಿಸಿದ ವಿವರಗಳನ್ನು ಅಧಿಕೃತ ಅಧಿಕಾರಿಗೆ ಕಳಿಸಬಹುದಷ್ಟೆ, ಮುಂದಿನದನ್ನು ತೀರ್ಮಾನಿಸುವವರು ಅವರು ಎಂದಿತು.

ಸಂಸದರಿಗೆ ಸಿಕ್ಕ ಈ ತೀರ್ಪು ಮದುವೆ ಫೋಟೋಗ್ರಾಫರ್‌ಗೂ ಸಿಗಬೇಕು. ಅದು ಡ್ರೋನಿನ ಮೊಕದ್ದಮೆಯಾಗಿರಲಿಲ್ಲ, ನಿಜ. 1934ರ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ ಎಂಬುದೂ ನಿಜ. ಆದರೂ ಆರೋಪ ಡ್ರೋನ್ ನಿಯಮದ ಉಲ್ಲಂಘನೆಯೊಂದೇ ಆಗಿದ್ದರೆ ಠಾಣೆ ಮಾಡಬೇಕಾದದ್ದು ಡಿಜಿಸಿಎಗೆ ವರದಿ ಕಳಿಸುವುದು ಎಂದು ವಾದಿಸಲು ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಬೇರೆ ಕಾನೂನಿನ ಅಪರಾಧವಾದರೆ ಈ ರಕ್ಷಣೆ ಇಲ್ಲ. ನಿಷೇಧಾಜ್ಞೆ ಮುರಿದರೆ ನ್ಯಾಯ ಸಂಹಿತೆಯ ಸೆಕ್ಷನ್ 223, ಜನರ ಪ್ರಾಣಕ್ಕೆ ಅಪಾಯ ತಂದರೆ 125, ಹೆಣ್ಣುಮಗಳ ಖಾಸಗಿ ಕ್ಷಣವನ್ನು ಕಿಟಕಿಯಾಚೆಯಿಂದ ಸೆರೆಹಿಡಿದರೆ 77. ಕೊನೆಯದರಲ್ಲಿ ಪೊಲೀಸರು ಎಷ್ಟು ಬೇಗ ಡ್ರೋನ್ ಹಿಡಿದರೆ ಅಷ್ಟು ಒಳ್ಳೆಯದು. ಅಲ್ಲಿ ಪೈಲಟ್‌ನ ಪರವಾಗಿ ನನಗೆ ಹೇಳಲು ಏನೂ ಇಲ್ಲ.

ಬಂಧನದ ಮಾತು ಬಂದರೆ ಹಕ್ಕುಗಳು ಎಲ್ಲ ನಾಗರಿಕರಿಗೂ ಇರುವಂಥವೇ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಅಗತ್ಯವಿಲ್ಲದಿದ್ದರೆ ಸುರಕ್ಷಾ ಸಂಹಿತೆಯ ಸೆಕ್ಷನ್ 35ರಡಿ ಹಾಜರಾಗಲು ನೋಟಿಸ್ ಕೊಡಬೇಕು. ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ವಿಚಾರಣೆಯ ವೇಳೆ ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲದವರಿಗೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100 ಇದೆ.

ಡ್ರೋನ್ ಮರಳಿ ಪಡೆಯುವುದು ಇದೆಲ್ಲಕ್ಕಿಂತ ನಿಧಾನದ ಕೆಲಸ. ಠಾಣೆಯ ಬಾಗಿಲಲ್ಲಿ ದಿನಗಟ್ಟಲೆ ಕಾಯುವುದಕ್ಕಿಂತ ನೇರವಾಗಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಮಧ್ಯಂತರ ಸುಪರ್ದಿಗೆ ಅರ್ಜಿ ಹಾಕುವುದು ಒಳ್ಳೆಯದು; ಸುರಕ್ಷಾ ಸಂಹಿತೆಯ ಸೆಕ್ಷನ್ 497 ಮತ್ತು 503 ಇರುವುದು ಇದಕ್ಕೇ. ಜಪ್ತಿಯಾದ ಮಾಲನ್ನು ಠಾಣೆಯಲ್ಲಿ ಕೊಳೆಯಲು ಬಿಡಬಾರದು, ಫೋಟೋ ತೆಗೆದು, ಮಹಜರು ಮಾಡಿ, ಬಾಂಡ್ ಬರೆಸಿಕೊಂಡು ಬೇಗ ಹಿಂದಿರುಗಿಸಬೇಕೆಂದು ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಡ್ರೋನ್ ಬ್ಯಾಟರಿ ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿದ್ದಿದ್ದರೆ ಹಾಳಾಗುತ್ತದೆ, ಊದಿಕೊಂಡರೆ ಬೆಂಕಿಯ ಅಪಾಯವೂ ಇದೆ. ಅರ್ಜಿಯಲ್ಲಿ ಈ ಮಾತು ಬರಬೇಕು. ಲಗ್ನಸರಿ ನಾಲ್ಕು ತಿಂಗಳ ದುಡಿಮೆ. ಸಾಲ ಮಾಡಿ ಡ್ರೋನ್ ಕೊಂಡವನಿಗೆ ಆಷಾಢದಲ್ಲಿ ಅದು ಕೈಸೇರಿದರೆ ಏನು ಬಂತು?

ಪೊಲೀಸರ ಭಯಕ್ಕೂ ಕಾರಣಗಳಿವೆ. 2021ರ ಜೂನ್ 27ರಂದು ಜಮ್ಮುವಿನ ವಾಯುನೆಲೆಯ ಮೇಲೆ ಡ್ರೋನಿನಿಂದ ಸ್ಫೋಟಕ ಬಿತ್ತು. 2025ರ ಮೇ ತಿಂಗಳಲ್ಲಿ ಗಡಿಯಾಚೆಯಿಂದ ಡ್ರೋನ್‌ಗಳ ದಂಡೇ ಬಂದಾಗ ಮುಂಬೈಯಂಥ ನಗರಗಳಲ್ಲೂ ಹಾರಾಟ ನಿಷೇಧಿಸಿದರು. ಅದೇ ಮಳೆಗಾಲದಲ್ಲಿ ಪಶ್ಚಿಮ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಳ್ಳರು ಡ್ರೋನ್ ಹಾರಿಸಿ ಮನೆ ಗುರುತಿಸುತ್ತಾರೆಂಬ ವದಂತಿ ಹಬ್ಬಿ, ಜನ ರಾತ್ರಿಯೆಲ್ಲ ಕಾವಲು ಕೂತರು. ಕೆಳಗೆ ನಿಂತ ಪೇದೆಗೆ ಮೇಲಿನದು ಮದುವೆ ಕ್ಯಾಮೆರಾವೋ ಮತ್ತೊಂದೋ ತಿಳಿಯುವುದಿಲ್ಲ. ಅವನ ಫೋನಿನಲ್ಲೂ ಆ ಬಣ್ಣದ ನಕ್ಷೆ ಇರಬೇಕು, ಅದನ್ನು ಓದುವುದನ್ನು ಯಾರಾದರೂ ಹೇಳಿಕೊಡಬೇಕು. ಇಲಾಖೆ ಒಂದು ದಿನದ ತರಬೇತಿ ಕೊಟ್ಟರೂ ಅರ್ಧದಷ್ಟು ಜಗಳ ಬೀದಿಯಲ್ಲೇ ಮುಗಿಯುತ್ತದೆ ಎಂದು ನಾನು ನಂಬಿದ್ದೇನೆ.

ಕೇಂದ್ರ ಸರ್ಕಾರದ ಆಲೋಚನೆ ಬೇರೆ ದಿಕ್ಕಿನಲ್ಲಿದೆ. 2025ರ ಸೆಪ್ಟೆಂಬರ್‌ನಲ್ಲಿ ನಾಗರಿಕ ಡ್ರೋನ್ ಮಸೂದೆಯ ಕರಡು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಉಲ್ಲಂಘನೆಗಳನ್ನು ಸಂಜ್ಞೇಯ ಅಪರಾಧವಾಗಿಸುವ, ಡ್ರೋನನ್ನು ಶೋಧಿಸಿ ಜಪ್ತಿ ಮಾಡುವ ಅಧಿಕಾರವನ್ನು ಪೊಲೀಸರಿಗೆ ನೇರವಾಗಿ ಕೊಡುವ ಪ್ರಸ್ತಾಪ ಅದರಲ್ಲಿದೆ. ಡ್ರೋನ್ ಉದ್ಯಮದವರು ಇದಕ್ಕೆ ಆಕ್ಷೇಪ ಎತ್ತಿದ್ದಾರೆ. ಕೊಡುವುದೇ ಆದರೆ ಜಪ್ತಿ ಮಾಡುವ ಅಧಿಕಾರಿಯ ದರ್ಜೆ ಯಾವುದು, ಡಿಜಿಸಿಎಗೆ ಎಷ್ಟು ಗಂಟೆಯೊಳಗೆ ವರದಿ ಹೋಗಬೇಕು, ತಪ್ಪು ಕಾಣದಿದ್ದರೆ ಎಷ್ಟು ದಿನದೊಳಗೆ ಡ್ರೋನ್ ವಾಪಸ್ ಬರಬೇಕು, ಬಾರದಿದ್ದರೆ ನಷ್ಟ ಕಟ್ಟಿಕೊಡುವವರು ಯಾರು ಎಂಬುದು ಕಾಯ್ದೆಯೊಳಗೇ ಇರಬೇಕು. ಡ್ರೋನ್ ಹಾರಿಸಿ ಹೊಟ್ಟೆ ಹೊರೆಯುವ ಎಲ್ಲರೂ, ಫೋಟೋಗ್ರಾಫರ್‌ಗಳ ಸಂಘಗಳೂ ರೈತ ಸಂಘಗಳೂ ಸೇರಿ, ಇದನ್ನು ತಮ್ಮ ಸಂಸದರಿಗೆ ಈಗಲೇ ಬರೆದು ತಿಳಿಸಬೇಕು.