ಹಸಿ ಹೊಲದಲ್ಲಿ ಬೆಳೆ ಬಾಡುವುದೇಕೆ?



ಹೊಲದಲ್ಲಿ ಹಸಿ ಸಾಕಷ್ಟಿದೆ, ಮಣ್ಣು ಹಿಡಿದರೆ ಕೈಗೆ ಅಂಟುತ್ತದೆ. ಆದರೂ ಗೋವಿನಜೋಳದ ಎಲೆ ಸುರುಳಿ ಸುತ್ತುತ್ತದೆ, ಉಳ್ಳಾಗಡ್ಡಿಯ ತುದಿ ಸುಡುತ್ತದೆ. ಬೆಳೆ ಬಾಡಿತೆಂದು ಇನ್ನೊಂದು ನೀರು ಹಾಯಿಸಿ, ಮೇಲೆ ಯೂರಿಯಾ ಚೆಲ್ಲುವವರು ಬಹಳ. ಸವಳು ಹತ್ತಿದ ಎರೆ ಹೊಲದಲ್ಲಿ ಇವೆರಡೂ ಬೆಳೆಗೆ ಕೇಡು. ಕಾರಣ ತಿಳಿಯಬೇಕಾದರೆ ಬೇರಿನ ಜೀವಕೋಶವನ್ನು ಅರಿಯಬೇಕು.

ಜೀವಕೋಶವೆಂದರೇನು?

ಇಟ್ಟಂಗಿಯಿಂದ ಮನೆ ಆದಂತೆ ಗಿಡ, ದನ, ಮನುಷ್ಯ ಎಲ್ಲವೂ ಜೀವಕೋಶಗಳಿಂದ ಆಗಿವೆ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಮರದ ತೊಗಟೆಯ ತೆಳು ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಈ ಗೂಡುಗಳನ್ನು ವಿವರಿಸಿದನು.

ಸಸ್ಯದ ಕೋಶಕ್ಕೆ ಹೊರಗೆ ಗಟ್ಟಿ ಗೋಡೆ, ಅದರ ಒಳಮೈಗೆ ಬಹು ತೆಳುವಾದ ಪೊರೆ. ಒಳಗಿನ ಕೋಶರಸದಲ್ಲಿ ವಂಶಗುಣ ಕಾಯ್ದಿಟ್ಟ ಕೋಶಕೇಂದ್ರ, ಉಸಿರಾಟದಿಂದ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ, ನೀರು ಮತ್ತು ಲವಣ ತುಂಬಿದ ರಸದಾನಿ ಇವೆ. ಎಳೆ ಬೇರಿನ ಮೇಲಿನ ಒಂದೊಂದು ರೋಮವೂ ಉದ್ದಕ್ಕೆ ಚಾಚಿಕೊಂಡ ಒಂದೊಂದು ಕೋಶ. ಗಿಡ ನೀರು ಕುಡಿಯಲು ಈ ರೋಮಗಳು ಬಹಳ ನೆರವಾಗುತ್ತವೆ.

ಪೊರೆಯ ಕಾವಲು

ಗೋಡೆ ನೀರನ್ನೂ ಲವಣವನ್ನೂ ಒಳಗೆ ಬಿಡುತ್ತದೆ. ಪೊರೆ ಹಾಗಲ್ಲ, ನೀರನ್ನು ಸುಲಭವಾಗಿ ಬಿಟ್ಟು ಲವಣವನ್ನು ತಡೆಯುತ್ತದೆ. ನೀರು ಲವಣ ಕಡಿಮೆ ಇದ್ದ ಕಡೆಯಿಂದ ಹೆಚ್ಚು ಇದ್ದ ಕಡೆಗೆ ಪೊರೆ ದಾಟುತ್ತದೆ. ಇದೇ ಅಭಿಸರಣೆ. ಪೊರೆಯಲ್ಲಿ ನೀರಿಗೆಂದೇ ಸಣ್ಣ ಕಿಂಡಿಗಳಿವೆ. ಅವನ್ನು ಕಂಡುಹಿಡಿದ ಅಮೆರಿಕದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಮನೆಯಲ್ಲೇ ಪರೀಕ್ಷಿಸಿರಿ. ಬಟಾಟಿಯ ಹೋಳುಗಳನ್ನು ಒಂದು ಬಟ್ಟಲಲ್ಲಿ ಬರೀ ನೀರಿಗೆ, ಇನ್ನೊಂದರಲ್ಲಿ ಗಟ್ಟಿ ಉಪ್ಪುನೀರಿಗೆ ಹಾಕಿರಿ. ಎರಡು ಮೂರು ತಾಸಿನಲ್ಲಿ ಮೊದಲನೆಯವು ಬಿರುಸಾಗುತ್ತವೆ, ಎರಡನೆಯವು ನೀರು ಕಳೆದುಕೊಂಡು ಮೆತ್ತಗಾಗಿ ಬಾಗುತ್ತವೆ. ಸವಳು ಹೊಲದ ಬೇರಿನ ಪಾಡೂ ಇದೇ. ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಿದಷ್ಟೂ ಬೇರಿಗೆ ನೀರು ಎಳೆಯುವುದು ಕಷ್ಟ. ಯೂರಿಯಾ ಕರಗಿದರೆ ಆ ಭಾರ ಇನ್ನಷ್ಟು ಏರುತ್ತದೆ.

ಜವಳಿನಲ್ಲಿ ಹಳದಿ ಏಕೆ?

ಸಾರಜನಕ, ರಂಜಕ, ಪೊಟ್ಯಾಷ್ ಪೊರೆಯನ್ನು ತಾವಾಗಿ ದಾಟಲಾರವು. ಅವಕ್ಕೆ ಬೇರೆ ಬಾಗಿಲುಗಳಿವೆ. ಅವನ್ನು ಒಳಗೆಳೆಯಲು ಕೋಶ ಶಕ್ತಿ ಖರ್ಚು ಮಾಡಬೇಕು. ಶಕ್ತಿಗೆ ಉಸಿರಾಟ, ಉಸಿರಾಟಕ್ಕೆ ಗಾಳಿ ಬೇಕು. ಮಣ್ಣಿನ ಸಂದುಗಳಲ್ಲಿ ನೀರೇ ನಿಂತರೆ ಬೇರಿಗೆ ಗಾಳಿ ಸಿಗದು. ಆಗ ಗೊಬ್ಬರ ಮಣ್ಣಿನಲ್ಲಿದ್ದರೂ ಗಿಡ ಹಸಿದು ಹಳದಿಯಾಗುತ್ತದೆ.

ನಮ್ಮ ಎರೆ ಭೂಮಿ

ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಆಗಿ 1970ರ ದಶಕದಿಂದ ಕಾಲುವೆ ನೀರು ಹರಿಯಿತು. ಬೆಳೆ ಹೆಚ್ಚಿತು, ಜೊತೆಗೆ ಅಚ್ಚುಕಟ್ಟಿನ ಕೆಲವೆಡೆ ಸವಳು-ಜವಳೂ ಬಂದವು. ಎರೆ ಮಣ್ಣಿನಲ್ಲಿ ನೀರು ಬೇಗ ಬಸಿಯದು. ಹೆಚ್ಚು ನೀರು ಹಾಯಿಸಿದರೆ ಅಂತರ್ಜಲ ಮೇಲೇರಿ, ಕೆಳಗಿನ ಲವಣವನ್ನು ಹೊತ್ತು ತರುತ್ತದೆ. ಬಿಸಿಲಿಗೆ ನೀರು ಆರಿ ಲವಣ ಮೇಲುಳಿಯುತ್ತದೆ. ಸಿರಸಂಗಿ ಸುತ್ತಿನ ಎರೆ ಹೊಲಗಳಿಗೆ ಕಾಲುವೆ ನೀರಿರಲಿ, ಕೊಳವೆಬಾವಿ ನೀರಿರಲಿ, ಈ ಎಚ್ಚರ ಬೇಕು.

ಏನು ಮಾಡಬೇಕು?

1. ಬಾಡಿದ ಬೆಳೆಯ ಬುಡ ಅಗೆದು ನೋಡಿರಿ. ಹಸಿ ಇದ್ದರೆ ನೀರು ನಿಲ್ಲಿಸಿರಿ.

2. ಮೊದಲು ಬಸಿಗಾಲುವೆ ತೋಡಿರಿ. ಬಸಿಯಲು ದಾರಿ ಇದ್ದರೆ ಮಾತ್ರ ಒಳ್ಳೆಯ ನೀರು ಲವಣವನ್ನು ತೊಳೆದೊಯ್ಯುತ್ತದೆ.

3. ಮಣ್ಣು ಮತ್ತು ಬಾವಿ ನೀರನ್ನು ಪರೀಕ್ಷೆ ಮಾಡಿಸಿರಿ. ನೆನೆಸಿದ ಮಣ್ಣಿನಿಂದ ಹೀರಿ ತೆಗೆದ ನೀರಿನ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ಮೀರಿದರೆ ಅದು ಸವಳು ಭೂಮಿ. ಇದೇ ಅಳತೆಯಲ್ಲಿ ಉಳ್ಳಾಗಡ್ಡಿ ಸುಮಾರು 1.2, ಗೋವಿನಜೋಳ 1.7, ಗೋಧಿ 6, ಬಿಳಿಜೋಳ 6.8, ಹತ್ತಿ 7.7ರವರೆಗೆ ತಾಳುತ್ತವೆ. ಬೆಳೆಯನ್ನು ಅದಕ್ಕೆ ತಕ್ಕಂತೆ ಆರಿಸಿರಿ.

4. ಜಿಪ್ಸಂ ಎಲ್ಲ ಸವಳಿಗೂ ಮದ್ದಲ್ಲ. ಸೋಡಿಯಂ ಹೆಚ್ಚಿದ ಕ್ಷಾರ ಭೂಮಿಗೆ ಮಾತ್ರ, ಪರೀಕ್ಷೆ ತಿಳಿಸಿದಷ್ಟು ಹಾಕಿರಿ.

5. ಗೊಬ್ಬರವನ್ನು ಬೀಜಕ್ಕೆ ತಾಗುವಂತೆ ಹಾಕದೆ, ಪಕ್ಕದಲ್ಲಿ ಕಂತುಗಳಲ್ಲಿ ಕೊಡಿರಿ.

ಮಣ್ಣಿನ ಮಾದರಿ ತೆಗೆಯುವ ಕ್ರಮವನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ. ಬಿತ್ತುವ ಮೊದಲೇ ಪರೀಕ್ಷೆ ಮುಗಿಸಿದರೆ ಬೀಜದ ಹಣ, ಗೊಬ್ಬರದ ಹಣ ಎರಡೂ ಉಳಿದಾವು.